ಷರಾ

ವಿರಾಜಪೇಟೆ ತಾಲ್ಲೂಕು ಕಚೇರಿಯೆದುರು, ಝೆರಾಕ್ಸ್ ಅಂಗಡಿಯ ಪಕ್ಕ
ನನ್ನದೊಂದು ಮೇಜು, ಮೂರೂವರೆ ಕಾಲಿನದು.
ಉಳಿದರ್ಧಕ್ಕೆ ಹಳೆಯ ಕಂದಾಯ ಕೈಪಿಡಿ.
ಅರ್ಜಿಗೆ ಅರವತ್ತು, ಅಫಿಡವಿಟ್ಟಿಗೆ ನೂರು.
ಹದಿನೆಂಟು ವರ್ಷದಿಂದ ಮೊದಲ ಸಾಲು ಒಂದೇ:
'ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು'
ಎಷ್ಟು ಜನರ 'ನಾನು' ಆಗಿದ್ದೇನೋ, ಲೆಕ್ಕವಿಟ್ಟಿಲ್ಲ.

ಪಂಜರಿ ಎರವರ ಚಿಮ್ಮಿ ಬಂದದ್ದು ಸಂತೆಯ ದಿನ.
ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಿಂಬರಹ:
'ಸದರಿ ಜಾಗದಲ್ಲಿ ಅರ್ಜಿದಾರರ ಹಿರಿಯರು
ವಾಸವಿದ್ದ ಬಗ್ಗೆ ದಾಖಲೆ ಇರುವುದಿಲ್ಲ.'
'ಇರುವುದಿಲ್ಲ ಅಂದರೆ, ಅಕ್ಕಾ,
ಈಗ ಇಲ್ಲವೋ, ಆಗಲೇ ಇರಲಿಲ್ಲವೋ?'
ಕಚೇರಿಯ ಕನ್ನಡಕ್ಕೆ ಕಾಲವಿಲ್ಲ
ಎಂದು ಅವಳಿಗೆ ಹೇಗೆ ಹೇಳಲಿ?

ಹುಡುಕಿದೆವು.
ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ 'ಸರ್ಕಾರ',
ಹನ್ನೆರಡರಲ್ಲಿ ಬರೀ ಗೀಟು.
ಜಮ್ಮಾ ಪುಸ್ತಕದಲ್ಲಿ ಒಕ್ಕಗಳ ಹೆಸರು,
ಬಾಣೆ ಬಾಣೆಗೂ ಮರದ ಲೆಕ್ಕ:
ಬೀಟೆ ಹದಿನಾಲ್ಕು, ನಂದಿ ಒಂಬತ್ತು, ಹಲಸು ಎರಡು.
ಹಲಸಿಗೂ ಅಲ್ಲಿ ನಂಬರಿತ್ತು.
ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ಕೇಳಿದರೆ
'ಸರ್ವೆ ನಂಬರು ಹೇಳಿ' ಎಂದರು;
ನಾವು ಬಂದದ್ದೇ ಅದನ್ನು ಕೇಳಲು.
'ಋಣವೂ ಇಲ್ಲ, ಭಾರವೂ ಇಲ್ಲ, ನಡಿ ಅಕ್ಕಾ'
ಎಂದು ಚಿಮ್ಮಿ ನಕ್ಕಾಗ
ಕಾಫಿ ಚೀಲ ಹೊತ್ತು ತಗ್ಗಿದ್ದ ಬಲಭುಜ ಕುಣಿಯಿತು.

ಮಡಿಕೇರಿಗೆ ಹೋದೆವು, ಹಳೆಯ ದಫ್ತರುಗಳ ಕೋಣೆಗೆ.
ಅಟೆಂಡರ್ ಕೂಸಪ್ಪನಿಗೂ ಗೆದ್ದಲಿಗೂ ಕರಾರಾಗಿದೆಯಂತೆ:
ಮೇಲಿನ ಮೂರು ಹಲಗೆ ಅವನದು, ಕೆಳಗಿನದು ಅವುಗಳದು.
ಕೆಂಪು ಬಟ್ಟೆ ಬಿಚ್ಚಿ, ಕಟ್ಟಿ, ಸೀನಿ, ಮತ್ತೆ ಬಿಚ್ಚಿ
ಮೂರನೆಯ ದಿನ, ಊಟಕ್ಕೆ ಏಳುವ ಹೊತ್ತಿಗೆ
ಸಿಕ್ಕಿತು. ಜಮೀನಿನ ಕಟ್ಟಿನಲ್ಲಲ್ಲ,
ಅಪರಾಧದ ಕಟ್ಟಿನಲ್ಲಿ.

ಕೊಡಗು ರಾಜ್ಯವೆಂಬುದೊಂದು ಇದ್ದ ಕಾಲದ ಮೊಹರು,
ಇಸವಿ ಐವತ್ತಮೂರು. ದಸ್ತಗಿರಿ ವಾರಂಟು.
'ಎರವರ ತೋಲ, ತಂದೆ ಕರಿಂಬ, ಪ್ರಾಯ ಸುಮಾರು ಮೂವತ್ತು,
ಎಡಗಿವಿ ಹರಿದಿದೆ.
ವಾಸ: ಕಾಟಿಕೊಲ್ಲಿ ಹಾಡಿ, ತೋಡಿನ ಬಲಕ್ಕೆ,
ದೊಡ್ಡ ಹಲಸಿನ ಬುಡ.
ಮೀಸಲು ಅರಣ್ಯದಿಂದ ಎರಡು ಸೇರು ಜೇನು ತೆಗೆದ ಬಾಬ್ತು
ದಂಡ ಐದು ರೂಪಾಯಿ ಕಟ್ಟಿರುವುದಿಲ್ಲ.'

'ಹಿಡಿಯೋದಕ್ಕಾದರೆ ಕಿವಿಯನ್ನೂ ನೋಡುತ್ತಾರೆ'
ಎಂದ ಕೂಸಪ್ಪ, ಬುತ್ತಿ ಮುಚ್ಚಳ ತೆರೆಯುತ್ತ.
ಚಿಮ್ಮಿ ಮಾತ್ರ ನನ್ನ ಮೊಣಕೈ ಹಿಡಿದಿದ್ದಳು:
'ತೋಲ ನನ್ನಜ್ಜ. ಅದರ ಮುಂದೆ ಏನೋ ಓದಿದೆಯಲ್ಲ?'
ಕರಿಂಬ.
'ಇನ್ನೊಮ್ಮೆ.'
ಕರಿಂಬ, ಚಿಮ್ಮಿ.

ಹಾಳೆಯ ಹಿಂಬದಿಯಲ್ಲಿ ಪೇದೆಯ ಷರಾ,
ನೀಲಿ ಹೋಗಿ ಕಂದಾದ ಶಾಯಿ:
'ಆಸಾಮಿ ಕಾಡಿಗೆ ಹೋಗಿರುವನು. ಹೆಂಡತಿ, ಎರಡು ಮಕ್ಕಳು ಇದ್ದರು.
ನಾಯಿ ಬಿಟ್ಟರು.
ಜಾಹೀರುನಾಮೆಯನ್ನು ಬಾಗಿಲಿಗೆ ಅಂಟಿಸಿ ಬಂದಿರುತ್ತೇನೆ.'

ಬಾಗಿಲಿಗೆ.
ಮೇಜು ಕುಟ್ಟಿಬಿಟ್ಟೆ ನಾನು, ಧೂಳೆದ್ದಿತು.
ಬಾಗಿಲಿತ್ತು! ಸರ್ಕಾರವೇ ಮೈದಾಹಿಟ್ಟು ಬಳಿದು
ಕೈಯಾರೆ ಮುಟ್ಟಿದ ಬಾಗಿಲು!
'ಬಿದಿರ ತಟ್ಟಿ' ಎಂದಳು ಚಿಮ್ಮಿ.
'ಅಜ್ಜಿ ಹೇಳುತ್ತಿದ್ದಳು, ಯಾರೋ ಒಮ್ಮೆ
ಕಾಗದ ಅಂಟಿಸಿ ಹೋಗಿದ್ದರಂತೆ.
ಓದಲು ಯಾರಿಗೆ ಬರುತ್ತದೆ?
ಸಂದಿಯಿಂದ ಗಾಳಿ ನುಗ್ಗುವುದು ನಿಂತಿತಲ್ಲ ಎಂದು
ಹಾಗೇ ಬಿಟ್ಟರಂತೆ, ಎರಡು ಮಳೆಗಾಲ.'

ನಕಲಿಗೆ ಅರ್ಜಿ ಬರೆದೆ. ದುಡ್ಡು ಬೇಡವೆಂದೆ.
ಅವಳು ಸೆರಗಿನ ಗಂಟು ಬಿಚ್ಚಿ ಐದರ ನಾಣ್ಯವೊಂದನ್ನು
ಕೂಸಪ್ಪನ ಮುಂದಿಟ್ಟಳು: 'ಅಜ್ಜನ ಬಾಕಿ.'
ಅವನು ನನ್ನ ಮುಖ ನೋಡಿದ,
ಕೈ ತೊಳೆದು ಬಂದ, ಮತ್ತೆ ನೋಡಿದ:
'ಯಾವ ಲೆಕ್ಕಕ್ಕೆ ಜಮೆ ಮಾಡಲಿ, ಮಾರಾಯ್ತಿ?'

ನಕಲು ಬರಲು ಹದಿನೈದು ದಿನ.
ಒಪ್ಪುತ್ತಾರೋ ಇಲ್ಲವೋ ನಾನರಿಯೆ;
ಬಾಗಿಲಿತ್ತು, ಮನೆಯಿತ್ತೆಂದು ಎಲ್ಲಿದೆ
ಎನ್ನುವವರನ್ನೂ ಕಂಡಿದ್ದೇನೆ.
ಮೂರ್ನಾಡು ದಾಟುವಾಗ ಬಸ್ಸಿನ ಕಿಟಕಿಗೆ ಹಣೆ ಆನಿಸಿ
ಅವಳು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು
ಕರಿಂಬ, ಕರಿಂಬ,
ಊರು ಮುಟ್ಟುವ ತನಕ ಮರೆಯಬಾರದೆಂದು.