ಒಂದು ಕಡಿಮೆ ನೂರು

ನಮ್ಮೂರು ಕೊರಾಡೂನ್. ಹೆಸರಲ್ಲೇ ಎರಡು ಮಾತು ಅಂಟಿಕೊಂಡಿವೆ:
ಕೊರಾ ಅಂದರೆ ಹೊಳೆಗೆ ಅಡ್ಡ ಪೇರಿಸಿದ ಕಲ್ಲಿನ ಒಡ್ಡು,
ಡೂನ್ ಅಂದರೆ ಕೋಟೆ.
ಯಾವುದು ಮೊದಲು, ನೀವೇ ಓದಿಕೊಳ್ಳಿ.

ಚೌಕದ ಹಿತ್ತಾಳೆ ಫಲಕದಲ್ಲಿ ಮಾತ್ರ ಒಡ್ಡಿನ ಸುದ್ದಿಯಿಲ್ಲ.
ಅಲ್ಲಿ ಬರೀ ಓ ಮೆಲ್ವೇನಿಗಳು, ಮ್ಯಾಕ್ ಕೊನ್‌ರೂಗಳು,
ಎರಡು ಇಸವಿ, ಒಂದು ಕತ್ತಿ, ಒಂದು ಕಾಗುಣಿತದ ತಪ್ಪು.
ಬೇಸಿಗೆಯಲ್ಲಿ ಬಾಸ್ಟನ್ನಿನಿಂದ ಬಂದವರು
ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು
ನನ್ನನ್ನು ಕೇಳುತ್ತಾರೆ: ನಿಮ್ಮದು ಯಾವ ಕುಲ?
ಕಂದಾಯ ಕೊಟ್ಟ ಕುಲ, ಅನ್ನುತ್ತೇನೆ.
ನಗುತ್ತಾರೆ. ನಗಿಸಲಿಕ್ಕೆ ಹೇಳಿದ್ದಲ್ಲ.

ಹಾವುಮೀನಿನ ಕಂದಾಯ.
ನವೆಂಬರಿನಲ್ಲಿ, ಚಂದ್ರ ಇಲ್ಲದ ರಾತ್ರಿ,
ಹೊಳೆ ಉಕ್ಕಿ ಕಪ್ಪಾದಾಗ ಅವು ಸಮುದ್ರಕ್ಕಿಳಿಯುತ್ತವೆ,
ಮೈ ಬೆಳ್ಳಿ, ಹೊಟ್ಟೆ ಖಾಲಿ.
ಬೆತ್ತದ ಬುಟ್ಟಿಯ ಬಾಯಿ ತೆರೆದು ನಾವು ಕಾಯುತ್ತಿದ್ದೆವು.
ಮೊದಲ ನೂರು ಕೋಟೆಗೆ, ಆಮೇಲಿನ ಹತ್ತು ಮಠಕ್ಕೆ,
ಉಳಿದದ್ದು, ಉಳಿದರೆ, ನಮಗೆ.

ಮೆಲ್ವೇನಿ ದೊರೆಗಳು ದಿಬ್ಬದ ಬಂಡೆಯ ಮೇಲೆ
ಒಂಟಿ ಪಾದ ಊರಿ ಪಟ್ಟಕ್ಕೇರುತ್ತಿದ್ದರಂತೆ,
ಕೈಯಲ್ಲಿ ಬಿಳಿಯ ಕೋಲು.
ಆ ಪಾದದ ಗುಳಿ ಈಗಲೂ ಇದೆ, ಮಳೆನೀರು ನಿಲ್ಲುತ್ತದೆ.
ಒಂಬತ್ತು ವರ್ಷದವಳಿದ್ದಾಗ ಬೂಟು ಕಳಚಿ
ಕಾಲಿಟ್ಟು ನೋಡಿದ್ದೆ. ಹಿಮ್ಮಡಿಯ ತಿರುವು ಅದೇ,
ಎರಡನೆಯ ಬೆರಳು ಉದ್ದ, ಅದೂ ಅದೇ.
ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಯಾಕೆಂದರೆ ಅಜ್ಜಿ ಹೇಳಿದ್ದಳು:
ರೂರಿ ಅಂತ ಒಬ್ಬ ಹುಡುಗ, ಹದಿನಾರು ದಾಟಿರಲಿಲ್ಲ,
ಪಟ್ಟ ಅವನ ಪಾಲಿಗೆ ಬರುವುದಿತ್ತು.
ಸ್ವಂತ ಚಿಕ್ಕಪ್ಪ ಅವನ ಕಣ್ಣು ಕೀಳಿಸಿದ.
ಕುರುಡನಿಗೆ ಸಿಂಹಾಸನವಿಲ್ಲ, ಕೊಂದರೆ ಪಾಪ;
ಧರ್ಮಕ್ಕೂ ಹೊಂದಿತು, ಲಾಭಕ್ಕೂ ಹೊಂದಿತು.
ಹುಡುಗ ಗೋಡೆ ತಡವುತ್ತ ಬಂದು ಸೇರಿದ್ದು ನಮ್ಮ ಒಡ್ಡಿಗೆ.

ಕತ್ತಲಲ್ಲಿ ಹಾವುಮೀನು ಎಣಿಸಲು ಕಣ್ಣು ಯಾಕೆ?
ಬೆರಳ ಸಂದಿಯಲ್ಲಿ ಜಾರಿದ್ದೇ ಲೆಕ್ಕ.
ಒಂದೊಂದಕ್ಕೂ ಕೋಲಿಗೆ ಒಂದು ಕಚ್ಚು.
ತೊಂಬತ್ತೊಂಬತ್ತು.
ನೂರನೆಯದನ್ನು ಎತ್ತಿ, ತಲೆ ಸವರಿ,
ಹೊಳೆಗೇ ಬಿಟ್ಟು, ನೂರು, ಎಂದು ಕೂಗುತ್ತಿದ್ದನಂತೆ.
ಚಿಕ್ಕಪ್ಪನ ಭಂಟರು ಬುಟ್ಟಿ ಹೊತ್ತು ಹೋಗುತ್ತಿದ್ದರು.
ಹಾವುಮೀನಿನ ಬುಟ್ಟಿಗೆ ಕೈ ಹಾಕಿ
ಲೆಕ್ಕ ತಾಳೆ ನೋಡುವ ದೊರೆ ಇನ್ನೂ ಹುಟ್ಟಿಲ್ಲ.

ಆಮೇಲೆ ಒಂದು ಮದುವೆಯೂಟದ ನಡುವೆ
ಕೊನ್‌ರೂಗಳು ಕೋಟೆಗೆ ಬೆಂಕಿಯಿಟ್ಟರು.
ಬೂದಿ ಆರುವ ಮೊದಲೇ ಆಳು ಬಂದ: ನೂರು.
ಕೊಟ್ಟದ್ದು ತೊಂಬತ್ತೊಂಬತ್ತು.
ಮುನ್ನೂರು ವರ್ಷ ಹಸು ಕದ್ದು, ಕವಿಗಳಿಂದ ಹೊಗಳಿಸಿಕೊಂಡು
ಅವರೂ ಹೋದರು. ಹಡಗಿನಲ್ಲಿ ಒಬ್ಬ ಕ್ಯಾಪ್ಟನ್ ಬಂದ,
ಹ್ಯಾಝೆಲ್‌ಡೈನ್, ಕೈಯಲ್ಲಿ ಚರ್ಮದ ಕಾಗದ, ಮೊಹರು.
ಹೊಳೆ ತನ್ನದು ಎಂದು ಹೊಳೆಗೇ ಓದಿ ಹೇಳಿದ.
ತೊಂಬತ್ತೊಂಬತ್ತು.
ಯಾರ ರಾಜ್ಯ ಬಂದರೂ ಬುಟ್ಟಿ ಹೆಣೆಯುವುದು ತಪ್ಪಲಿಲ್ಲ.
ಅವನ ಬಂಗಲೆ ಸುಟ್ಟ ರಾತ್ರಿ ಅಜ್ಜಿಗೆ ಆರು ವರ್ಷ;
ಪಿಯಾನೋ ಉರಿಯುವಾಗ ತಂತಿಗಳು
ತಾವಾಗಿ ನುಡಿದವು ಅನ್ನುತ್ತಿದ್ದಳು,
ಯಾವ ರಾಗವೂ ಅಲ್ಲ.

ರೂರಿಗೆ ಮದುವೆಯಾಯಿತೇ ಎಂದು ಕೇಳಿದ್ದೆ.
ಅಜ್ಜಿ ಬಲೆಯ ಗಂಟು ಬಿಗಿಯುತ್ತ,
ಚಳಿಗಾಲ ಉದ್ದ ಇರ್ತದೆ ಇಲ್ಲಿ, ಅಂದಳು.

ಈಗ ನಮ್ಮದೇ ಸರ್ಕಾರ. ಟಪಾಲಿನಲ್ಲಿ ಪತ್ರ ಬಂತು:
ಹಾವುಮೀನು ಕ್ಷೀಣಿಸಿದೆ, ಪರವಾನಗಿ ರದ್ದು.
ಆಳುವವರು ನೂರು ಕೇಳದಿದ್ದುದು ಇದೇ ಮೊದಲು.
ಕಚ್ಚಿನ ಕೋಲು ಅಡುಗೆಮನೆ ಕಿಟಕಿ ಮುಚ್ಚದಂತೆ ತಡೆದಿದೆ.

ಏಪ್ರಿಲಿನಲ್ಲಿ ಮರಿಗಳು ಬರುತ್ತವೆ, ಸಮುದ್ರ ದಾಟಿ,
ಗಾಜಿನ ದಾರದಂಥವು, ಒಳಗಿನ ಮುಳ್ಳೂ ಕಾಣುವಂಥವು,
ಒದ್ದೆ ಒಡ್ಡನ್ನು ಹೊಟ್ಟೆಯಲ್ಲೇ ಹತ್ತುತ್ತವೆ.
ಟಾರ್ಚು ಆರಿಸಿ ಕಲ್ಲಿನ ಮೇಲೆ ಕೈ ಚಾಚಿಡುತ್ತೇನೆ.
ಕೆಲವು ಅದರ ಮೇಲಿಂದಲೇ ಹೋಗುತ್ತವೆ.
ಎಣಿಸುವುದಿಲ್ಲ.