ಮೂರಡಿ ಕಂಬಿ

ಈ ಮನೆಯ ಕಂಬಿ ಕಟ್ಟಿದವನು ನಾನೇ.
ಆಗ ನನಗೆ ಹತ್ತೊಂಬತ್ತು. ಉಸ್ತಾದರು ಕೆಳಗೆ ನಿಂತು
ಬೀಡಿಯ ಹೊಗೆಯೊಳಗಿಂದ ಅಳತೆ ಕೂಗುತ್ತಿದ್ದರು.
ಒಂಬತ್ತು ಕಂಬ, ಕಂಬಕ್ಕೆ ನಾಲ್ಕು ಕಂಬಿ.
ಮೋಲ್ಡು ಬಿದ್ದ ಸಂಜೆ ಮುರಿಗೆಪ್ಪನವರು
ಮಿಲ್ಲಿನ ಪಾಳಿ ಮುಗಿಸಿ, ಮೀಸೆಯಲ್ಲಿ ಹತ್ತಿಯ ಪುಡಿ ಇಟ್ಟುಕೊಂಡೇ
ಏಣಿ ಹತ್ತಿ ಬಂದು,
"ಕೊಯ್ಯಬ್ಯಾಡ್ರಪ್ಪಾ, ಮೂರಡಿ ಬಿಡ್ರಿ,
ಮುಂದೆ ಮ್ಯಾಲೊಂದು ಎತ್ತೋದೈತಿ" ಅಂದಿದ್ದರು.

ಮುಂದೆ ಎಂಬುದು
ಇಪ್ಪತ್ತಾರು ವರ್ಷ ಮಾಳಿಗೆಯ ಮೇಲೆ ನಿಂತೇ ಇತ್ತು.
ತುಕ್ಕು ಹಿಡಿಯದಿರಲೆಂದು ಅದರ ತಲೆಗೆ
ಖಾಲಿ ನೀರಿನ ಬಾಟಲಿ ಬೋರಲು ಹಾಕಿದರು.
ಬಿಸಿಲಿಗೆ ಅವೂ ಹಳದಿಯಾಗಿ ಹಪ್ಪಳದಂತೆ ಒಡೆದವು.
ಒಂದು ಕಂಬಿಗೆ ಬಟ್ಟೆ ಹಗ್ಗ, ಒಂದಕ್ಕೆ ಕೇಬಲ್ಲಿನ ವೈರು,
ಒಂದಕ್ಕೆ ದೃಷ್ಟಿಗೆಂದು ಕಟ್ಟಿದ ಹಳೇ ಚಪ್ಪಲಿ,
ಇನ್ನೊಂದಕ್ಕೆ ಯಾವುದೋ ಆಷಾಢದಲ್ಲಿ ಸಿಕ್ಕಿಬಿದ್ದ ಪಟದ ಬಾಲಂಗೋಚಿ.
ಮಿಲ್ಲಿನ ಕೂಗು ನಿಂತಿತು.
ಮುರಿಗೆಪ್ಪನವರು ಹೋದರು.
ಕಂಬಿಗಳು ಹಾಜರಿ ಕರೆಯುವುದನ್ನು ಕಾಯುತ್ತ
ಎದ್ದು ನಿಂತೇ ಇದ್ದವು.

ಈಗ ಸೋಲಾರ್ ಕಂಪನಿಯ ಹುಡುಗ
ಫೋನಿನಲ್ಲಿ ಸೂರ್ಯನ ದಾರಿ ನೋಡುತ್ತಾನೆ.
ದಕ್ಷಿಣಕ್ಕೆ ಓರೆಯಾಗಿ ಇಪ್ಪತ್ತೆರಡು ಹಲಗೆ,
ತಿಂಗಳಿಗೆ ಮೂರು ಸಾವಿರದ ಎಂಟುನೂರು ಬಾಡಿಗೆ,
ಕರಾರು ಇಪ್ಪತ್ತೈದು ವರ್ಷ.
"ನೆರಳು ಬೀಳಬಾರದು ಅಮ್ಮಾ.
ಬೆರಳಷ್ಟು ನೆರಳೂ ಕರೆಂಟು ತಿನ್ನುತ್ತೆ.
ಮೇಲೆ ಕಟ್ಟೋ ಹಾಗಿಲ್ಲ. ಕಂಬಿ ಕೊಯ್ಸಿಬಿಡಿ."

ಹಾಲಮ್ಮನವರು ಕೇಳಿದರು:
"ಬೆಳದಿಂಗಳಿಗೆ ಏನಾರ ಕೊಡ್ತೀರೇನು?"
ಹುಡುಗ ನಗಲಿಲ್ಲ. ಕಾಗದದಲ್ಲಿ ಹುಡುಕಿದ.

ಮಗಳು ದಾಕ್ಷಾಯಿಣಿ ಹೊನ್ನಾಳಿ ಬಸ್ಸಿನ ಕಂಡಕ್ಟರು,
ನಿಂತ ಕಾಲಲ್ಲೇ ಲೆಕ್ಕ ಮುಗಿಸುವವಳು:
"ಮ್ಯಾಲೆ ಕಟ್ಟಾಕೆ ಎಂಟು ಲಕ್ಷ. ಅದು ಬರಂಗಿಲ್ಲ.
ಬಿಸಿಲು ಬಂದೇ ಬರತೈತಿ.
ಇಷ್ಟು ದಿನ ಸುಮ್ಮನೆ ಹತ್ತಿ ಸುಮ್ಮನೆ ಇಳಿದು ಹೋಗತಿತ್ತು,
ಇನ್ನ ಮ್ಯಾಲೆ ಟಿಕೀಟು ತಗೊಳ್ಳಲಿ."
ಅವ್ವ ಏನೂ ಅನ್ನಲಿಲ್ಲ.
ಸಹಿ ಮಾಡಿ, ಪೆನ್ನಿಗೆ ಟೋಪಿ ಹಾಕಿ ಕೊಟ್ಟು,
ಹುಡುಗನ ಮುಂದೆ ಖಾರದ ಮಂಡಕ್ಕಿ ಇಟ್ಟರು.

ಹಾಗೆ ನನಗೆ ಫೋನು ಬಂತು.
ಗ್ರೈಂಡರು ಹೊತ್ತು ಅದೇ ಏಣಿ ಹತ್ತಿದೆ.
ಮೂರನೇ ಮೆಟ್ಟಿಲು ಆಗಲೂ ಅಲ್ಲಾಡುತ್ತಿತ್ತು.
ಏಪ್ರಿಲ್ ಕೊನೆ, ಹತ್ತೂವರೆಗೇ ಮಾಳಿಗೆ ಕಾದ ಹೆಂಚು.
ಮಂಡಕ್ಕಿ ಭಟ್ಟಿಗಳ ಕಡೆಯಿಂದ ಸುಟ್ಟ ಮರಳಿನ ವಾಸನೆ.
ಎತ್ತ ನೋಡಿದರೂ ಮಾಳಿಗೆ,
ಮಾಳಿಗೆ ತುಂಬ ಕಂಬಿ.
ಈ ದಾವಣಗೆರೆಯಲ್ಲಿ ಎಷ್ಟು ಮನೆಯ ಮೇಲೆ
ನನ್ನ ಕೈಯಾರೆ "ಮುಂದೆ" ಎಂದು ಬಿಟ್ಟು ಇಳಿದಿದ್ದೇನೋ,
ಲೆಕ್ಕ ಇಟ್ಟಿಲ್ಲ.

ಹೊರಗೆ ತುಕ್ಕು.
ಕೊಯ್ದರೆ ಒಳಗೆ ಅಂಗಡಿಯಿಂದ ಇಳಿಸಿದ ದಿನದ ಬೆಳ್ಳಿ.
ಕಿಡಿ ಹಾರಿ ಲುಂಗಿಗೆ ನಾಲ್ಕು ತೂತು.
ಮೂವತ್ತೈದು ಬಿದ್ದವು. ಗುಜರಿಯವನು ತೂಗಿದ,
ಇಪ್ಪತ್ತೆಂಟು ಕಿಲೋ, ಎಂಟುನೂರ ನಲವತ್ತು.
ನನ್ನ ಕೂಲಿಗೆ ಅದೇ ಸರಿಹೋಯಿತು.

ಮೂವತ್ತಾರನೆಯದನ್ನು ಹಿಡಿದು ಹಾಲಮ್ಮನವರು ನಿಂತಿದ್ದರು,
ಕೈ ಸುಡುತ್ತಿರಬೇಕು, ಸೆರಗು ಸುತ್ತಿಕೊಂಡಿದ್ದರು.
"ಇದರ ನೆರಳು ಟ್ಯಾಂಕಿನ ಬುಡ ಮುಟ್ಟಿದರೆ
ನಲ್ಲಿ ಬಿಡೋ ಹೊತ್ತು. ಇದೊಂದು ಬಿಡು ಖಲಂದರ್."

ಹುಡುಗ ಟೇಪು ಹಿಡಿದು ಬಂದ,
ಎಷ್ಟು ನೆರಳು, ಎಷ್ಟು ನಷ್ಟ, ಅಳೆಯಲು.
ಬಗ್ಗಿ ನೋಡಿದರೆ ನೆರಳೇ ಇಲ್ಲ.
ಹನ್ನೆರಡೂ ಇಪ್ಪತ್ತೈದು.
ಕಂಬಿಯ ಕಾಲಡಿಯಲ್ಲೇ ಎಲ್ಲೋ ಅಡಗಿತ್ತು.
"ಸಂಜೆ ಬರ್ತೀನಿ" ಎಂದು ಇಳಿದು ಹೋದ.

ಸಂಜೆ ಏನಾಯಿತೋ, ನಾನಿರಲಿಲ್ಲ.
ವಾರದ ಮೇಲೆ ಆ ಬೀದಿಯಲ್ಲಿ ಹೋಗುತ್ತ ತಲೆ ಎತ್ತಿದೆ.
ಕೆಳಗಿನಿಂದ ಹಲಗೆಗಳು ಕಾಣಲಿಲ್ಲ.
ಕಂಬಿ ಕಂಡಿತು, ಒಂದೂವರೆ ಅಡಿಗೆ ಇಳಿದಿತ್ತು.
ಅದು ನನ್ನ ಕೊಯ್ತವಲ್ಲ,
ಯಾರೋ ಆಕ್ಸಾ ಬ್ಲೇಡಿನಲ್ಲಿ ಉಜ್ಜಿ ಉಜ್ಜಿ ತುಂಡರಿಸಿದ್ದು.
ತಲೆಗೆ ಹೊಸ ಬಾಟಲಿ,
ಲೇಬಲ್ಲೂ ಕಿತ್ತಿರಲಿಲ್ಲ.