ಏರಿದ್ದಕ್ಕೂ ಇಳಿದದ್ದಕ್ಕೂ

ಅಸ್ಮಾರಾದಲ್ಲಿ ಭಾನುವಾರ ಬೆಳಿಗ್ಗೆ
ಕಾಫಿ ಬಾರಿನ ಗೋಡೆಗೆ ಸೈಕಲ್ಲು ಒರಗಿಸಿ
ಹುಡುಗರು ಕಿಲೋಮೀಟರು ಕೊಚ್ಚಿಕೊಳ್ಳುತ್ತಾರೆ.
ಒಬ್ಬನದು ಕೈಗಡಿಯಾರದಲ್ಲಿ,
ಒಬ್ಬನದು ಹ್ಯಾಂಡಲ್ಲಿನ ಡಬ್ಬಿಯಲ್ಲಿ,
ಲುವಾಮಳದು ಶಾಲೆಯ ಹಳೇ ನೋಟುಪುಸ್ತಕದಲ್ಲಿ, ಪೆನ್ಸಿಲಿನಲ್ಲಿ,
ಎದುರುಗಾಳಿಯ ದಿನ ಪಕ್ಕದಲ್ಲೊಂದು ಸೊನ್ನೆ ಸುತ್ತಿ.

ಮುದುಕ ಜೆರಾಯನನ್ನು ಕೇಳಿ ನೋಡಿ:
ಟೈರು ಹತ್ತೊಂಬತ್ತು, ಚೈನು ಏಳು,
ಮಂಡಿ ಒಂದೂವರೆ, ಅನ್ನುತ್ತಾನೆ.

ಅವನಪ್ಪನ ಕಾಲದ ಮೀಟರು,
ಕಡ್ಡಿಗೆ ಬಡಿದು ಟಿಕ್ ಟಿಕ್ ಅನ್ನುತ್ತಿದ್ದದ್ದು,
ನನ್ನ ಅಂಗಡಿಯ ಮೊಳೆಡಬ್ಬಿಯಲ್ಲಿದೆ
೭೪೧೨ರ ಮೇಲೆ ನಿಂತು.
ಕೆಟ್ಟದ್ದಲ್ಲ. ಅವನೇ ಬಿಚ್ಚಿಸಿದ್ದು.

"ಮಸ್ಸಾವಾಕ್ಕೆ ಇಳಿದಾಗ ನೂರಾ ಹದಿನೈದು.
ತುಳಿದದ್ದು ಎಷ್ಟು? ಸಮುದ್ರವೇ ಎಳೆದುಕೊಂಡಿತು.
ಮರುದಿನ ಹತ್ತುವಾಗಲೂ ನೂರಾ ಹದಿನೈದು!
ನೆಫಾಸಿತ್ ದಾಟಿ ಮೋಡದೊಳಗೆ ಹೊಕ್ಕು
ಮುಂದಿನ ಚಕ್ರ ಕಾಣದೆ, ನೆಂದು, ವಾಂತಿ ಮಾಡಿಕೊಂಡೆ.
ಎರಡಕ್ಕೂ ಒಂದೇ ಲೆಕ್ಕ ಬರೆಯುವ ಗುಮಾಸ್ತನನ್ನು
ಕೆಲಸದಿಂದ ತೆಗೆಯದೆ ಇನ್ನೇನು ಮಾಡಲಿ?"

ಲುವಾಮ್ ನಕ್ಕಳು.
ಆದರೂ ಅವತ್ತಿನಿಂದ ಇಳಿಜಾರಿಗೆ
ಅವಳ ಪುಸ್ತಕದಲ್ಲಿ ಬೇರೆ ಪುಟ.

ನಾನು ಸೈಕಲ್ಲು ಹತ್ತುವವನಲ್ಲ, ರಿಪೇರಿಯವನು.
ಅವನ ಟೈರು ಬದಲಿಸಿದಾಗೆಲ್ಲ ಬಾಗಿಲ ಹಿಂದೆ
ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದಿರುತ್ತೇನೆ.
ಮೊನ್ನೆ ನೋಡಿಬಿಟ್ಟ.
ಏನಿದು?
ಬಾಡಿಗೆ ಬಾಕಿ, ಅಂದೆ.
ಬೆರಳಿಟ್ಟು ನಿಧಾನವಾಗಿ ಎಣಿಸಿದ.
"ಇಪ್ಪತ್ತೆರಡು ತಿಂಗಳೇ? ಪಾಪ" ಅಂದು
ಎರಡೂ ಚಕ್ರಕ್ಕೆ ಗಾಳಿ ಹೊಡೆಸಿಕೊಂಡು
ಹೊರಟುಹೋದ.